ರೇಡಿಯೋ ಸುಮ್ಮನಾದ ವಾರ

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವ ಗಾದೆ ಮಾಡಿದವರು ಯಾರೋ ಗೊತ್ತಿಲ್ಲ. ಆದರೆ ಅವರ ಮನೆಯಲ್ಲೂ ರೇಡಿಯೋನಂಥ ಅಳಿಯ ಒಬ್ಬ ಇದ್ದಿರಬೇಕು.

ರೇಡಿಯೋ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ತೂಕದ ಯಂತ್ರ ತಯಾರಿಸುವ ಕಂಪನಿಯೊಂದರ ದೂರು ವಿಭಾಗದಲ್ಲಿ ಅವನ ಜೊತೆ ಕೆಲಸ ಮಾಡುವವರು, ಸಹಿಸಲಾರದೆ, ಪ್ರೀತಿಯಿಂದ ಇಟ್ಟದ್ದು. ಬೆಳಗ್ಗೆ ಕುರ್ಚಿ ಎಳೆದುಕೊಂಡ ಸದ್ದಿನ ಜೊತೆಗೇ ಶುರುವಾದ ಅವನ ಪ್ರಸಾರ ಸಂಜೆ ಬಾಗಿಲಿಗೆ ಬೀಗ ಬೀಳುವವರೆಗೆ ನಿಲ್ಲುತ್ತಿರಲಿಲ್ಲ. ಹಾಗೆಂದು ಅವನ ಮಾತಿನಿಂದ ಕಂಪನಿಗೆ ನಷ್ಟವಿತ್ತೆಂದು ಹೇಳಿದರೆ ನಾಲಿಗೆಗೆ ಹುಳ ಬಿದ್ದೀತು. ಅಲ್ಲಿಗೆ ಬರುವವರೆಲ್ಲ ತಂದ ದೂರು ಒಂದೇ, ಯಂತ್ರ ತೂಕ ಜಾಸ್ತಿ ತೋರಿಸುತ್ತದೆ ಎಂಬುದು. ಕಡಿಮೆ ತೋರಿಸುತ್ತದೆ ಎಂದು ದೂರಿದ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ. ರೇಡಿಯೋ ಅಂಥವರನ್ನು ಕೂರಿಸಿ, ಮನುಷ್ಯನ ಮೂಳೆಯ ಭಾರದಿಂದ ಹಿಡಿದು ಚಪ್ಪಲಿಯ ಭಾರದವರೆಗೆ ವಿವರಿಸುತ್ತಾ ಹೋದರೆ, ಅವರು ಯಂತ್ರವನ್ನು ಕಂಕುಳಲ್ಲಿ ಇರುಕಿಕೊಂಡು, ಎಲ್ಲಾ ಸರಿಯಾಗಿದೆ ಎಂದು ಹೇಳಿ ಪರಾರಿಯಾಗುತ್ತಿದ್ದರು.

ಇಂಥವನ ಬಾಯಿಂದ ಒಂದು ಭಾನುವಾರ, ಮಾವನ ಮನೆಯ ಊಟದ ಮೇಜಿನ ಮುಂದೆ, ಒಂದು ಮಾತು ಜಾರಿತು.

ಮಾವ ಮುದ್ರಣಾಲಯದಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ತಮ್ಮ ಕೈಕೆಳಗೆ ಯಾರೂ ಇಲ್ಲದವನು ಮನುಷ್ಯನೇ ಅಲ್ಲ ಅನ್ನುವುದು ಅವರ ಅಭಿಪ್ರಾಯ. ಭಾನುವಾರ ಬಂತೆಂದರೆ ಮೊದಲ ತುತ್ತಿನ ಜೊತೆ ಅವರ ಪ್ರಶ್ನೆಯೂ ಬರುತ್ತಿತ್ತು. "ಏನು ಅಳಿಯಂದಿರೇ, ಇನ್ನೂ ಕೌಂಟರಿನಲ್ಲೇ ಇದ್ದೀರಾ?"

ರೇಡಿಯೋ ಅವತ್ತು ಎಂದಿನಂತೆ ನಗಬೇಕಿತ್ತು. ನಗುವ ಬದಲು, "ಈ ಸಲ ನಾನೇ ಸೂಪರ್‌ವೈಸರ್, ಮಾವ. ಬಹುತೇಕ ಆದ ಹಾಗೇ" ಅಂದುಬಿಟ್ಟ.

ಅಚ್ಚಿನಲ್ಲಿ ಜಾಗ ಸಾಲದಿದ್ದರೆ ಒಂದು ಪದ ಕೈಬಿಟ್ಟು ಅಭ್ಯಾಸವಿದ್ದ ಮಾವ 'ಬಹುತೇಕ'ವನ್ನು ಕೈಬಿಟ್ಟರು. ಸಂಜೆಯ ಹೊತ್ತಿಗೆ ಸುದ್ದಿ ನೆರೆಮನೆಗೆ, ಕ್ಷೌರದಂಗಡಿಗೆ, ತರಕಾರಿಯವಳಿಗೆ ಮತ್ತು ಅವಳಿಂದ ಊರಿಗೆ ತಲುಪಿತ್ತು. ಶನಿವಾರ ಅಳಿಯ ಹೊಸ ಕುರ್ಚಿಯಲ್ಲಿ ಕೂರುವುದನ್ನು ಕಣ್ಣಾರೆ ನೋಡಲು ತಾವೇ ಬರುವುದಾಗಿಯೂ ಅವರು ಸಾರಿಬಿಟ್ಟರು.

ಶನಿವಾರ ಇದ್ದದ್ದು ಸಂದರ್ಶನ. ರೇಡಿಯೋ ಹಿಂದೆಯೂ ಈ ಹುದ್ದೆಯ ಸಂದರ್ಶನಕ್ಕೆ ಕೂತಿದ್ದ. ಪ್ರತಿ ಸಲವೂ ತಾನೇ ಮಾತಾಡಿ, ತಾನೇ ಪ್ರಶ್ನೆ ಕೇಳಿಕೊಂಡು, ತಾನೇ ಉತ್ತರ ಹೇಳಿ, ಎದುರಿಗಿದ್ದವರಿಗೆ ಬಾಯಿ ತೆರೆಯಲು ಅವಕಾಶ ಕೊಡದೆ ಎದ್ದು ಬಂದಿದ್ದ. ಈ ಸಲವೂ ಹುದ್ದೆ ತಪ್ಪಿದರೆ ಮಾವನ ಬೀದಿಯಲ್ಲಿ ತಲೆ ಎತ್ತಿ ನಡೆಯುವ ಹಾಗಿರಲಿಲ್ಲ.

ಅವನ ಮುಖ ನೋಡಿ ಮರುಕಪಟ್ಟವಳು ನಾದಿನಿ. ಜನ ಒಂದು ವಸ್ತುವನ್ನು ಹೇಗೆ ಬಳಸುತ್ತಾರೆ, ಎಲ್ಲಿ ಎಡವುತ್ತಾರೆ ಎಂದು ಅವರ ಜೊತೆ ಕೂತು ತಿಳಿದುಕೊಂಡು ಬರುವುದು ಅವಳ ಉದ್ಯೋಗ. ಅದಕ್ಕೆ ಯೂಸರ್ ರಿಸರ್ಚ್ ಅನ್ನುತ್ತಾರೆ. ಬೇರೆಯವರ ಮನೆಗೆ ಹೋಗಿ ನೋಡಿಕೊಂಡು ಬರುವುದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಮಾವ ಇವತ್ತಿಗೂ ಕೇಳುತ್ತಾರೆ. ಅವಳು ಪಾತ್ರೆ ತೊಳೆಯುತ್ತಾ, ರೇಡಿಯೋ ಒರೆಸುತ್ತಾ ನಿಂತಿದ್ದಾಗ ಪಾಠ ಶುರುವಾಯಿತು.

"ಭಾವ, ನೀವು ಬರೀ ನಿಮ್ಮ ಬಗ್ಗೆ ಹೇಳ್ಕೋತೀರಿ. ಆ ಸೂಪರ್‌ವೈಸರನ್ನ ಬಳಸೋರು ಯಾರು ಹೇಳಿ? ನಿಮ್ಮ ಮ್ಯಾನೇಜರು, ನಿಮ್ಮ ಜೊತೆ ಕೆಲಸ ಮಾಡೋರು. ಅವರ ಕಷ್ಟ ಏನು ಅಂತ ತಿಳ್ಕೊಂಡು ಹೋದ್ರೆ ಸಂದರ್ಶನದಲ್ಲಿ ಹೇಳೋಕೆ ಏನಾದ್ರೂ ಇರುತ್ತೆ."

"ಅಯ್ಯೋ, ಅವರ ಕಷ್ಟ ನನಗೆ ಗೊತ್ತಿಲ್ವಾ? ಆ ಟೈಪಿಸ್ಟಮ್ಮ ಇದ್ದಾರಲ್ಲ, ಅವರು ಒಂದು ದಿನ ಏನು ಮಾಡಿದ್ರು ಅಂದ್ರೆ..." ಎಂದು ರೇಡಿಯೋ ತನ್ನ ಪ್ರಸಾರ ಶುರುಮಾಡಿದ. ಅದೇ ಹೊತ್ತಿಗೆ ನಾದಿನಿ ಮೊದಲನೆಯ ನಿಯಮ ಹೇಳಿದಳು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡಂತೆ, ಅವನಿಗೆ ಅದು ಕೇಳಿಸಲೇ ಇಲ್ಲ. ಕತೆ ಮುಗಿಸಿ ಉಸಿರು ತೆಗೆದುಕೊಂಡಾಗ ಕೇಳಿಸಿದ್ದು ಎರಡನೆಯದು.

"ಮುಂದೆ ಏನು ಬೇಕು ಅಂತ ಕೇಳ್ಬೇಡಿ, ಹೋದ ಸಲ ಏನಾಯ್ತು ಅಂತ ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿ. ಅವರು ಸುಮ್ಮನಿದ್ರೆ ನೀವೂ ಸುಮ್ಮನಿರಿ. ಮೌನ ತಡೆಯೋಕಾಗದೆ ಅವರೇ ಮಾತಾಡ್ತಾರೆ. ಆಮೇಲೆ 'ಯಾಕೆ' ಅನ್ನಿ, ಅಷ್ಟೇ. ಆಗುತ್ತಾ ನಿಮ್ಮ ಕೈಲಿ?"

ರೇಡಿಯೋಗೆ ಇದು ಸವಾಲಿನಂತೆ ಕೇಳಿಸಿತು. ಆಗುತ್ತದೆ ಎಂದು ಹೇಳಬೇಕಿತ್ತು. ಅಭ್ಯಾಸ ಆಗಲಿ ಎಂದು ಏನೂ ಹೇಳದೆ ತಲೆಯಾಡಿಸಿದ.

ಸೋಮವಾರ ಅವನು ಮೊದಲು ಹೋಗಿ ಕೂತದ್ದು ಟೈಪಿಸ್ಟಮ್ಮನ ಎದುರು. ದೂರುಗಳನ್ನೆಲ್ಲ ಕಂಪ್ಯೂಟರಿಗೆ ಸೇರಿಸುವ ಹಿರಿಯಾಕೆ ಅವರು.

"ಅಮ್ಮಾ, ಹೋದ ಸಲ ಕೆಲಸದಲ್ಲಿ ನಿಮಗೆ ತೊಂದರೆ ಆದದ್ದು ಯಾವಾಗ?" ಎಂದು ಕೇಳಿ ತುಟಿ ಬಿಗಿದ.

ಟೈಪಿಸ್ಟಮ್ಮ ಮುಂದಿನ ಮಾತಿಗೆ ಕಾದರು. ಬರಲಿಲ್ಲ. ಇಷ್ಟು ವರ್ಷದಲ್ಲಿ ರೇಡಿಯೋ ಒಂದು ವಾಕ್ಯಕ್ಕೆ ನಿಂತದ್ದನ್ನು ಅವರು ನೋಡಿರಲಿಲ್ಲ.

"ಯಾಕಪ್ಪಾ ಕೇಳ್ತಿದ್ದೀಯಾ?"

ರೇಡಿಯೋ ಮುಗುಳ್ನಕ್ಕ. ಮುಗುಳ್ನಗು ಅವನಿಗೆ ಒಗ್ಗಿದ್ದಲ್ಲವಾದ್ದರಿಂದ ಅದು ಪೊಲೀಸರ ನಗುವಿನ ಹಾಗೆ ಕಾಣಿಸಿತು.

"ಯಾರು ಹೇಳಿದ್ರು ನಿನಗೆ?" ಟೈಪಿಸ್ಟಮ್ಮನ ದನಿ ಇಳಿಯಿತು. "ನೋಡು, ಬೇಕು ಅಂತ ಮಾಡಿದ್ದಲ್ಲ. ನನಗೆ ಏಳು ಯಾವುದು, ಒಂದು ಯಾವುದು ಕಾಣಿಸಲ್ಲ. ಮನೆ ನಂಬರು ತಪ್ಪಿ ಮೂರೂರಿನ ಜನರ ಮಿಷನ್ನುಗಳು ಯಾರ್ಯಾರದೋ ಮನೆಗೆ ಹೋಗಿವೆ. ದಪ್ಪ ಕನ್ನಡಕ ಹಾಕಿದ್ರೆ ಕಣ್ಣು ಹೋಯ್ತು ಅಂತ ಮನೆಗೆ ಕಳಿಸ್ತಾರೆ ಅಂತ ಹಳೇದೇ ಹಾಕ್ಕೊಂಡು ಬರ್ತಿದ್ದೀನಿ. ಯಾರಿಗೂ ಹೇಳ್ಬೇಡಪ್ಪಾ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಇಲ್ಲಿ ಕಳ್ಳ ಅಂದವರೂ ಇರಲಿಲ್ಲ, ಕುಂಬಳಕಾಯಿಯೂ ಇರಲಿಲ್ಲ. ಆದರೂ ಆ ದಿನ ಇಡೀ ವಿಭಾಗ ಹೆಗಲು ಮುಟ್ಟಿಕೊಂಡಿತು.

ರಿಪೇರಿಯವನ ಬಳಿ ರೇಡಿಯೋ ಪ್ರಶ್ನೆ ಕೇಳಿ ಮುಗಿಸುವಷ್ಟರಲ್ಲೇ ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಆಯ್ತು, ಒಪ್ಕೋತೀನಿ. ಬರೋ ಮಿಷನ್ನಲ್ಲಿ ಮುಕ್ಕಾಲು ಪಾಲು ಕೆಟ್ಟೇ ಇರಲ್ಲ. ನಾಲ್ಕು ದಿನ ಇಟ್ಕೊಂಡು, ಬಟ್ಟೇಲಿ ಒರೆಸಿ, ಸರಿ ಮಾಡಿದ್ದೀನಿ ಅಂತ ಕೊಡ್ತೀನಿ."

"ಯಾಕೆ?"

"ಏನೂ ಆಗಿಲ್ಲ ಅಂದ್ರೆ ಹೊಡೆಯೋಕೆ ಬರ್ತಾರೆ."

"ಯಾಕೆ?"

"ಅವರ ತೂಕ ಅವರಿಗೆ ಗೊತ್ತಾಗೋದು ಯಾರಿಗೆ ಇಷ್ಟ?"

"ಯಾಕೆ?"

ರಿಪೇರಿಯವನು ತನ್ನ ಹೊಟ್ಟೆ ನೋಡಿಕೊಂಡ. "ಅಣ್ಣಾ, ನಾನೇ ಮಿಷನ್ ಹತ್ತಿ ಯಾವ ಕಾಲ ಆಯ್ತೋ. ಇನ್ನು ಕೇಳ್ಬೇಡ" ಎಂದು ಕಣ್ಣು ಒರೆಸಿಕೊಂಡ.

ಗೋದಾಮಿನವನಂತೂ ಕೇಳುವುದಕ್ಕೂ ಕಾಯಲಿಲ್ಲ. ತಾನೇ ರೇಡಿಯೋನ ಕೈಹಿಡಿದು ಪೆಟ್ಟಿಗೆಗಳ ಹಿಂದೆ ಕರೆದೊಯ್ದು, ತಾನು ಮಧ್ಯಾಹ್ನ ಮಲಗುವ ಜಾಗ, ಚಾಪೆ, ದಿಂಬು ಎಲ್ಲವನ್ನೂ ತೋರಿಸಿದ. ದಿಂಬಿನ ಕವರು ತಾನೇ ಒಗೆಯುತ್ತೇನೆ, ಕಂಪನಿಯ ಸೋಪು ಬಳಸುವುದಿಲ್ಲ ಎಂದು ಆಣೆಯಿಟ್ಟ.

ಮ್ಯಾನೇಜರನ್ನು ಬಿಟ್ಟರೆ ವಿಭಾಗದಲ್ಲಿದ್ದದ್ದೇ ನಾಲ್ಕು ಜನ. ಉಳಿದ ಮೂವರೂ ಚಹಾದ ಹೊತ್ತಿಗೆ ಒಟ್ಟು ಸೇರಿ, ಇದರ ಅರ್ಥವೇನೆಂದು ಚರ್ಚಿಸಿದರು. ರೇಡಿಯೋ ಸುಮ್ಮನಿದ್ದಾನೆ ಅಂದರೆ ಯಾರೋ ಸುಮ್ಮನಿರಲು ಹೇಳಿದ್ದಾರೆ. ಅವನ ಬಾಯಿ ಮುಚ್ಚಿಸುವ ತಾಕತ್ತು ಹೆಂಡತಿಗಿಲ್ಲ, ಮ್ಯಾನೇಜರಿಗಿಲ್ಲ. ಇನ್ನು ಉಳಿದದ್ದು ಹೆಡ್ ಆಫೀಸು. ತರ್ಕದಲ್ಲಿ ಎಲ್ಲೂ ತಪ್ಪಿರಲಿಲ್ಲ.

ಮರುದಿನದಿಂದ ರೇಡಿಯೋನ ಮೇಜಿಗೆ ಚಹಾ ತಾನಾಗಿ ಬರತೊಡಗಿತು. ಗೋದಾಮಿನವನು ಮಧ್ಯಾಹ್ನ ನೆಟ್ಟಗೆ ನಿಂತು, ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವುದನ್ನು ಕಲಿತ. ರೇಡಿಯೋ ಇದನ್ನೆಲ್ಲ ಸಂಶೋಧನೆಯ ಮಹಿಮೆ ಎಂದೇ ತಿಳಿದ.

ವಿದ್ಯೆ ಮನೆಯಲ್ಲೂ ಉಪಯೋಗಕ್ಕೆ ಬರಲಿ ಎಂದು ಹೆಂಡತಿಯ ಮುಂದೆ ಕೂತು, "ಹೋದ ಸಲ ನಿನಗೆ ನನ್ನಿಂದ ಬೇಜಾರಾದದ್ದು ಯಾವಾಗ?" ಎಂದು ಕೇಳಿ ಬಾಯಿ ಮುಚ್ಚಿದ. ಅವಳ ಉತ್ತರ ಮದುವೆಯ ದಿನದಿಂದ ಶುರುವಾಯಿತು. ಊಟ ಮುಗಿದು ಪಾತ್ರೆ ಒಣಗಿದರೂ ಕತೆ ಮೊದಲನೇ ವರ್ಷ ದಾಟಲಿಲ್ಲ. ಅವನ ಮಾತು ನಿಲ್ಲಲೆಂದು ನೆಲ ಬಡಿದು ಅಭ್ಯಾಸವಾಗಿದ್ದ ಮೇಲಿನ ಮನೆಯಾಕೆ, ಅವನ ಸದ್ದಿಲ್ಲದ್ದರಿಂದ ಗಾಬರಿಯಾಗಿ ಇಳಿದು ಬಂದು, "ನಿಮ್ಮೆಜಮಾನರಿಗೆ ಗಂಟಲು ಹೋಯ್ತಾ? ಬಿಸಿನೀರಿಗೆ ಉಪ್ಪು ಹಾಕಿ ಕೊಡಿ" ಅಂದಳು. ಹೆಂಡತಿ ಹೆದರಿ ತವರಿಗೆ ಫೋನು ಮಾಡಿದರೆ ಮಾವನಿಗೆ ಸಂತೋಷವೋ ಸಂತೋಷ. "ಅಧಿಕಾರ ಬಂದ್ರೆ ಹಾಗೇ ಕಣಮ್ಮ. ದೊಡ್ಡೋರು ಕಮ್ಮಿ ಮಾತಾಡ್ತಾರೆ."

ಗುರುವಾರ ಮ್ಯಾನೇಜರು ಒಳಗೆ ಕರೆದರು. ಅವರ ಕೋಣೆ ಕೌಂಟರಿನ ಹಿಂದೆಯೇ, ಅರ್ಧ ಗಾಜಿನ ಗೋಡೆಯಾಚೆ. ರೇಡಿಯೋ ಕೂತ. ಪ್ರಶ್ನೆ ಕೇಳಿದ.

"ಸಾರ್, ಹೋದ ಸಲ ನಿಮ್ಮ ನಿದ್ದೆ ಕೆಡಿಸಿದ ವಿಷಯ ಯಾವುದು?"

ಮ್ಯಾನೇಜರು ಪೆನ್ನು ತಿರುಗಿಸಿದರು. ರೇಡಿಯೋ ಕಾದ. ಮ್ಯಾನೇಜರು ಎದ್ದು ಕಿಟಕಿಯ ಪರದೆ ಎಳೆದು ಬಂದು ಕೂತರು. ರೇಡಿಯೋ ಕಾದ.

"ಹೆಡ್ ಆಫೀಸಿನವರು ನಮ್ಮ ಮೇಲೆ ಕಣ್ಣಿಡೋಕೆ ನಿಮ್ಮನ್ನ ಇಟ್ಟಿದ್ದಾರೆ ಅಂತ ನನಗೆ ಗೊತ್ತಾಯ್ತು," ಎಂದು ಮ್ಯಾನೇಜರು ಕೊನೆಗೆ ಕರಗಿದರು. "ಏನು ಬೇಕಾದ್ರೂ ಹೇಳಿ ಅವರಿಗೆ. ಆದ್ರೆ ದೂರನ್ನ ಅರ್ಧಕ್ಕೆ ಇಳಿಸಿ ಅಂದೋರು ಅವರೇ. ನಾನು ದಾರಿ ಹುಡುಕಿದ್ದೀನಿ. ದೂರು ಕೇಳೋರನ್ನ ಅರ್ಧ ಮಾಡಿದ್ರೆ ದೂರು ತಾನೇ ಅರ್ಧ ಆಗುತ್ತೆ."

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರನ್ನು ಗಾದೆಯಲ್ಲಿ ಕೇಳಿದ್ದೇವೆ. ಅಂಥವರೊಬ್ಬರು ಮೇಜಿನ ಆಚೆ ಸಂಬಳಕ್ಕೆ ಕೂತದ್ದನ್ನು ನೋಡಿದವನು ರೇಡಿಯೋ ಒಬ್ಬನೇ. ಮಾತಾಡಬೇಕು ಅನಿಸಿತು. ನಿಯಮ ನೆನಪಾಗಿ ನುಂಗಿಕೊಂಡ.

"ಇಬ್ಬರನ್ನ ತೆಗೀಬೇಕು," ಮ್ಯಾನೇಜರು ಮುಂದಕ್ಕೆ ಬಗ್ಗಿದರು. "ಯಾರಲ್ಲಿ ಏನು ಹುಳುಕಿದೆ ಅಂತ ನೀವು ಆಗಲೇ ಕಂಡ್ಕೊಂಡಿದ್ದೀರಿ. ಶನಿವಾರ ಎರಡು ಹೆಸರು ಹೇಳಿ. ಸೂಪರ್‌ವೈಸರ್ ಹುದ್ದೆ ನಿಮ್ಮದೇ."

ಹೊರಗೆ ಬಂದಾಗ ರೇಡಿಯೋನ ಕಿವಿಯಲ್ಲಿ ಉಳಿದದ್ದು ಕೊನೆಯ ವಾಕ್ಯ ಮಾತ್ರ. ಮೆಟ್ಟಿಲ ಮೇಲೆ ನಿಂತೇ ನಾದಿನಿಗೆ ಫೋನು ಮಾಡಿ, ವಾರದಿಂದ ಕಟ್ಟಿಟ್ಟಿದ್ದ ಮಾತನ್ನೆಲ್ಲ ಸುರಿದ. ಅವಳು ಕೇಳಿ ಮುಗಿಸಿ ಒಂದೇ ಪ್ರಶ್ನೆ ಹಾಕಿದಳು.

"ಭಾವ, ಮೊದಲನೇದು ಮಾಡಿದ್ರಿ ತಾನೆ?"

"ಮೊದಲನೇದು ಯಾವುದು?"

"ಯಾಕೆ ಕೇಳ್ತಿದ್ದೀನಿ ಅಂತ ಮೊದಲು ಹೇಳ್ಬೇಕು. ಅವರು ಒಪ್ಪಿದ್ರೆ ಮಾತ್ರ ಕೇಳ್ಬೇಕು. ಅವರು ಹೇಳಿದ್ದು ಅವರದು, ನಿಮ್ಮ ಹತ್ರ ಇಟ್ಟಿರ್ತಾರೆ ಅಷ್ಟೇ. ಅಲ್ಲೇ ನಿಂತು ಹೇಳಿದೆನಲ್ಲ."

"ನನಗೆ ಕೇಳಿಸಲಿಲ್ಲ."

"ನೀವು ಮಾತಾಡ್ತಿದ್ರಿ. ಈಗ ಆ ಮಾತನ್ನ ಮ್ಯಾನೇಜರಿಗೆ ಕೊಟ್ರೆ ಅದು ಸಂಶೋಧನೆ ಅಲ್ಲ ಭಾವ, ಚಾಡಿ."

ರೇಡಿಯೋ ಫೋನು ಜೇಬಿಗಿಟ್ಟ. ಬಾಗಿಲ ಗಾಜಿನಾಚೆ ಟೈಪಿಸ್ಟಮ್ಮ ಕಂಪ್ಯೂಟರಿನ ಪರದೆಗೆ ಮೂಗು ತಾಗಿಸಿಕೊಂಡು ಒಂದೊಂದೇ ಅಂಕಿ ಹುಡುಕುತ್ತಿದ್ದರು. ಅವನಿಗೆ ನಾಚಿಕೆಯಾಯಿತು. ಅದರ ಹಿಂದೆಯೇ ಕೋಪ ಬಂತು, ತನ್ನ ಮೇಲೆ ಸ್ವಲ್ಪ, ಮ್ಯಾನೇಜರ ಮೇಲೆ ಬಹಳ.

ಶನಿವಾರ ಹೆಡ್ ಆಫೀಸಿನ ಮೇಡಂ ಬಂದು ಮ್ಯಾನೇಜರ ಪಕ್ಕ ಕೂತರು. ಕೌಂಟರಿನ ಮುಂದೆ ಯಂತ್ರ ಹೊತ್ತವರ ಸಾಲು ಬಾಗಿಲು ದಾಟಿತ್ತು. ರೇಡಿಯೋನನ್ನು ಒಳಗೆ ಕರೆದರು.

"ನಿಮ್ಮ ಮನುಷ್ಯ ಚೆನ್ನಾಗಿ ಕೆಲಸ ಮಾಡಿದ್ದಾರಂತೆ," ಅಂದರು ಮೇಡಂ ಮ್ಯಾನೇಜರಿಗೆ.

"ನಮ್ಮ ಮನುಷ್ಯ ಅಲ್ಲ ಮೇಡಂ, ನಿಮ್ಮವರು," ಅಂದರು ಮ್ಯಾನೇಜರು ವಿನಯದಿಂದ.

"ನಾವು ಯಾರನ್ನೂ ಕಳಿಸಿಲ್ಲವಲ್ಲ."

"ನಾನೂ ಕಳಿಸಿಲ್ಲ."

ಇಬ್ಬರೂ ರೇಡಿಯೋ ಕಡೆ ತಿರುಗಿದರು.

"ಯಾರೂ ಕಳಿಸಲಿಲ್ಲ," ಅಂದ ರೇಡಿಯೋ. "ನನಗೆ ಈ ಹುದ್ದೆ ಬೇಕಿತ್ತು. ಅದಕ್ಕೆ ಕೇಳಿದೆ. ಯಾಕೆ ಕೇಳ್ತಿದ್ದೀನಿ ಅಂತ ಅವರಿಗೆ ಹೇಳಲಿಲ್ಲ, ಅದು ನನ್ನ ತಪ್ಪು."

ವಾರದಿಂದ ಅವನಿಗೆ ಹೆದರಿದ್ದು ನೆನಪಾಗಿ ಮ್ಯಾನೇಜರ ಕಿವಿ ಕೆಂಪಾಯಿತು. ಮೇಡಂ ಮಾತ್ರ ಅಳುಕಲಿಲ್ಲ. "ಯಾರು ಕಳಿಸಿದ್ರೇನು, ವಿಷಯ ಗೊತ್ತಿದೆ ತಾನೆ. ಸಿಬ್ಬಂದಿ ಹೊಂದಾಣಿಕೆ ಮಾಡಬೇಕಿದೆ. ಎರಡು ಹೆಸರು ಹೇಳಿ, ಆದೇಶಕ್ಕೆ ಇಲ್ಲೇ ಸಹಿ ಹಾಕ್ತೀನಿ."

"ಯಾಕೆ?"

"ಯಾಕೆ ಅಂದ್ರೆ? ನಿಮಗೆ ಹುದ್ದೆ ಬೇಕು ತಾನೆ?"

"ಬೇಕಿತ್ತು. ಇಷ್ಟಕ್ಕಾದ್ರೆ ಬೇಡ. ಅವರು ಹೇಳಿದ್ದು ನನಗೆ. ನಿಮಗೆ ಬೇಕಿದ್ರೆ ನೀವೇ ಹೋಗಿ ಕೂತು ಕೇಳಿ. ಯಾಕೆ ಕೇಳ್ತಿದ್ದೀರಿ ಅಂತ ಮೊದಲು ಹೇಳಿ, ಆಮೇಲೆ ಕೇಳಿ."

ಮ್ಯಾನೇಜರಿಗೆ ನೀವು ಹೋಗಿ ನೀನು ಬಂತು. "ಹಾಗಾದ್ರೆ ಆ ಇಬ್ಬರಲ್ಲಿ ಮೊದಲನೆಯವನು ನೀನೇ ಆಗ್ತೀಯಾ."

"ಆಗ್ತೀನಿ ಸಾರ್. ಆದ್ರೆ ಪರದೆ ಎಳೆದು ಹೇಳ್ಬೇಡಿ. ಹೊರಗೆ ಬಂದು, ಸಾಲಿನ ಮುಂದೆ ನಿಂತು ಹೇಳಿ," ಎಂದು ರೇಡಿಯೋ ಎದ್ದು, ಬಾಗಿಲನ್ನು ಪೂರ್ತಿ ತೆರೆದಿಟ್ಟು ಹೊರಬಂದ.

ಬಂದವನು ಮೂವರನ್ನೂ ಕೌಂಟರಿನ ಬಳಿ ಕರೆದು, ಹುದ್ದೆಯ ಆಸೆ, ಅರ್ಧ ಕೇಳಿಸಿಕೊಂಡ ಪಾಠ, ಎರಡು ಹೆಸರು, ಎಲ್ಲವನ್ನೂ ಹೇಳಿದ. ಹಳೆಯ ದನಿ ಪೂರ್ತಿಯಾಗಿ ಮರಳಿತ್ತು. ಸಾಲಿನಲ್ಲಿದ್ದವರೂ ಯಂತ್ರ ಕೆಳಗಿಟ್ಟು ಕೇಳಿದರು.

"ಥೂ ನಿನ್ನ," ಅಂದರು ಟೈಪಿಸ್ಟಮ್ಮ. "ನಿನಗೆ ಹೇಳಿದ ಮೇಲೆ ನನಗೆ ಊಟ ಸೇರಿಲ್ಲ. ಬಾಯಿಬಡುಕ ಅಂತ ನಂಬಿದ್ದೆ, ನೀನೂ ಒಳಗೊಳಗೇ ಲೆಕ್ಕ ಹಾಕೋನೇ ಆದೆಯಲ್ಲೋ." ಆಮೇಲೆ ಗಾಜಿನ ಕೋಣೆಯ ಕಡೆ ನೋಡಿ, "ಬರಲಿ ಅವರು. ನಾನೇ ಹೇಳ್ತೀನಿ ಕಣ್ಣು ಕಾಣಲ್ಲ ಅಂತ. ಕನ್ನಡಕ ಹಾಕಿದ್ರೆ ಕಾಣುತ್ತೆ ಅಂತಲೂ ಹೇಳ್ತೀನಿ" ಅಂದರು.

ಮಾವ ಒಳಗೆ ಬಂದದ್ದು ಅದೇ ಹೊತ್ತಿಗೆ. ಇಸ್ತ್ರಿ ಅಂಗಿ, ಒಂದು ಪಕ್ಕದಲ್ಲಿ ನೆರೆಮನೆಯವರು, ಇನ್ನೊಂದು ಪಕ್ಕದಲ್ಲಿ ಕ್ಷೌರದಂಗಡಿಯವನು.

"ಎಲ್ಲಿ ಅಳಿಯಂದಿರೇ ನಿಮ್ಮ ಕುರ್ಚಿ?"

ರೇಡಿಯೋ ಕೌಂಟರಿನಾಚೆಯಿಂದಲೇ ಹೇಳಿದ. "ನಾನು ಸೂಪರ್‌ವೈಸರ್ ಅಲ್ಲ ಮಾವ. ಭಾನುವಾರ ಹೇಳಿದ್ದು ಸುಳ್ಳು. ಇವತ್ತು ಕೊಡ್ತೀವಿ ಅಂದ್ರು, ನಾನು ಬೇಡ ಅಂದೆ. ಇದು ನಿಜ."

ನೆರೆಮನೆಯವರು ಕೆಮ್ಮಿದರು. ಆ ಕೆಮ್ಮಿನಲ್ಲಿ ಬಹಳ ಸುಖವಿತ್ತು. ಮಾವನ ಮುಖ ಕಪ್ಪಾಯಿತು. ಅಷ್ಟರಲ್ಲಿ ಮ್ಯಾನೇಜರೂ ಮೇಡಮ್ಮೂ ಹೊರಗೆ ಬಂದರು.

"ನೀವು ಇವನ ಮಾವನಾ?" ಅಂದರು ಮ್ಯಾನೇಜರು. "ನಿಮ್ಮ ಅಳಿಯನಿಗೆ ಬುದ್ಧಿ ಹೇಳಿ. ಕೈಗೆ ಬಂದ ತುತ್ತನ್ನ ತಾನೇ ಚೆಲ್ಲಿದ್ದಾನೆ."

ಮಾವ ಗಿರಾಕಿಗಳ ಬೆಂಚಿನ ಮೇಲೆ ನಿಧಾನವಾಗಿ ಕೂತರು. "ಅಳಿಯನಿಗೆ ಬೈಯೋದು ಮನೆ ವಿಷಯ, ಅದನ್ನ ಬಿಡುವಾದಾಗ ಮಾಡ್ತೀನಿ. ಇವನು ಯಾವತ್ತೂ ಯಾವುದನ್ನೂ ಬೇಡ ಅಂದವನಲ್ಲ, ನಮ್ಮ ಮನೇಲಿ ಮೂರನೇ ಸಲ ಬಡಿಸಿದ್ರೂ ಬೇಡ ಅಂದಿಲ್ಲ. ಅಂಥವನು ಬೇಡ ಅನ್ನೋ ಹಾಗೆ ನೀವು ಏನು ಕೇಳಿದ್ರಿ?"

"ಅದು ಕಂಪನಿಯ ಒಳಗಿನ ವಿಷಯ."

ಯಾರೂ ಮಾತಾಡಲಿಲ್ಲ. ಮಾವ ಬೆಂಚಿನಿಂದ ನೋಡಿದರು. ಟೈಪಿಸ್ಟಮ್ಮ ಕೈಕಟ್ಟಿ ನೋಡಿದರು. ರಿಪೇರಿಯವನು, ಗೋದಾಮಿನವನು, ಬಾಗಿಲಾಚೆಯವರೆಗಿನ ಸಾಲು, ಎಲ್ಲರೂ ಮ್ಯಾನೇಜರನ್ನೇ ನೋಡಿದರು. ಒಬ್ಬ ರೇಡಿಯೋನ ಮೌನಕ್ಕೇ ಕರಗಿದ ಮನುಷ್ಯ ಇಷ್ಟು ಜನರ ಮೌನದ ಮುಂದೆ ಎಷ್ಟು ಹೊತ್ತು ನಿಂತಾರು?

"ಇಬ್ಬರನ್ನ ತೆಗೆಯೋದು, ಅಷ್ಟೇ," ಅಂದರು ಮ್ಯಾನೇಜರು. "ಇಲ್ಲಿ ಜನ ಕಮ್ಮಿಯಾದ್ರೆ ನಿಮಗೆಲ್ಲ ಕಾಯೋಕೆ ಬೇಜಾರಾಗಿ ಮನೆಗೆ ಹೋಗ್ತೀರಿ, ಆಗ ದೂರು ಕಮ್ಮಿಯಾಗುತ್ತೆ. ಇದರಲ್ಲಿ ತಪ್ಪೇನಿದೆ?"

ಕೂಸುಗಳನ್ನು ತೂಗುವ ಯಂತ್ರ ತಂದಿದ್ದ ನರ್ಸಮ್ಮ ಅದನ್ನು ಮೇಡಂ ಕಾಲ ಬಳಿ ಇಟ್ಟು, ಅದರ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ನಾನು ಹೋಗಲ್ಲ. ಯಾರನ್ನ ತೆಗೀತೀರೋ ನೋಡ್ತೀನಿ." ಅವಳ ಹಿಂದಿನವನೂ ಕೂತ. ಅವನ ಹಿಂದಿನವಳೂ ಕೂತಳು. ಸ್ವಲ್ಪ ಹೊತ್ತಿನಲ್ಲಿ ಮೇಡಂ ಬಾಗಿಲಿಗೆ ಹೋಗಬೇಕೆಂದರೆ ಯಂತ್ರಗಳ ಮೇಲೆ ಕಾಲಿಟ್ಟು, ತಮ್ಮ ತೂಕ ಎಲ್ಲರಿಗೂ ತೋರಿಸಿಕೊಂಡೇ ಹೋಗಬೇಕು ಅನ್ನುವ ಸ್ಥಿತಿ ಬಂತು.

ಮೇಡಂ ಮ್ಯಾನೇಜರ ಕಡೆ ನೋಡಲಿಲ್ಲ. "ಸದ್ಯಕ್ಕೆ ಇಲ್ಲಿಂದ ಯಾರನ್ನೂ ತೆಗೆಯೋದು ಬೇಡ," ಅಂದರು. ಆಮೇಲೆ ರೇಡಿಯೋಗೆ, "ಆ ಹುದ್ದೆಯೂ ಸದ್ಯಕ್ಕೆ ಇಲ್ಲ, ತಿಳ್ಕೊಳಿ" ಅಂದರು. ನರ್ಸಮ್ಮ ತನ್ನ ಯಂತ್ರ ಸರಿಸಿ ದಾರಿ ಕೊಟ್ಟಳು.

ರೇಡಿಯೋ ಸಾಲಿನ ಮೊದಲನೆಯವರನ್ನು ಕರೆದು ಕೆಲಸ ಶುರುಮಾಡಿದ. ಬಾಯಿಯೂ ಅದರ ಜೊತೆಗೇ ಶುರುವಾಯಿತು.

ನೆರೆಮನೆಯವರು ಮಾವನ ಹೆಗಲ ಮೇಲೆ ಕೈಯಿಟ್ಟು, ಸಮಾಧಾನ ಹೇಳುವ ದನಿಯಲ್ಲಿ, "ಹೋಗಲಿ ಬಿಡಿ. ಒಟ್ಟಿನಲ್ಲಿ ನಿಮ್ಮ ಅಳಿಯ ಸೂಪರ್‌ವೈಸರ್ ಆಗಲಿಲ್ಲ" ಅಂದರು.

ಮಾವ ಆ ಕೈ ತೆಗೆದು ಪಕ್ಕಕ್ಕಿಟ್ಟರು.

"ಆಗಲಿಲ್ಲ. ಬೀದಿಗೆಲ್ಲ ನಾನೇ 'ಆದ' ಅಂತ ಹೇಳಿದ್ದೆ, ಇವತ್ತು ನಾನೇ 'ಆಗಲಿಲ್ಲ' ಅಂತ ಹೇಳ್ತೀನಿ. ಸೂಪರ್‌ವೈಸರ್ ಆದೋರು ನಿಮ್ಮ ಮನೇಲಿ ಎಷ್ಟು ಜನ ಬೇಕಾದ್ರೂ ಇರ್ಲಿ. ಕೊಡೋಕೆ ಬಂದ್ರೆ ಮುಖದ ಮೇಲೆ ಬೇಡ ಅಂದೋನು ಒಬ್ಬನಿದ್ರೆ ನಾಳೆ ಊಟಕ್ಕೆ ಕರ್ಕೊಂಡು ಬನ್ನಿ. ನನ್ನ ಅಳಿಯನ ಪಕ್ಕದಲ್ಲಿ ಕೂರಿಸಿ ಬಡಿಸ್ತೀನಿ."

ಮರುದಿನ ಭಾನುವಾರ. ಮಾವ ಒಂದು ಎಲೆ ಹೆಚ್ಚು ಹಾಕಿಸಿ ಬಾಗಿಲಲ್ಲಿ ನಿಂತು ಕಾದರು. ನೆರೆಮನೆಯವರು ಒಬ್ಬರೇ ಬಂದರು.